ಅಧಿಕ ಮಾಸದ ಶಾಮಿಯಾನ

ಕರಂಜವಾಡಿ, ಸೂಪಾ ತಾಲೂಕು
೧೨ ಜನವರಿ ೧೯೮೦

ಜಾಹೆದಾ,

ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ದೇವದುರ್ಗದಲ್ಲಿ ಶಾಲೆ, ಮಾನ್ವಿಯಲ್ಲಿ ಅಪ್ಪನ ಮನೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ರಾತ್ರಿ ಊಟಕ್ಕೆ ನಿಮ್ಮಮ್ಮನ ಕೈಯ ಖಿಚಡಿ. ಚೆನ್ನಾಗಿಯೇ ಇರುತ್ತೀಯ. ನನ್ನದು ಕೇಳು.

ಇಲ್ಲಿಗೆ ಬಂದು ಐದು ತಿಂಗಳಾಯಿತು. ರಾಯಚೂರಿನಲ್ಲಿ ಒಂದೇ ಹಾಸ್ಟೆಲು, ಒಂದೇ ಕೋಣೆ, ಒಂದೇ ಕಂದೀಲಿನ ಬೆಳಕಿನಲ್ಲಿ ಓದಿ ಇಬ್ಬರೂ ಶಾಲೆಯ ಟೀಚರುಗಳಾದೆವು. ನಿನ್ನ ಹೆಸರು ರಾಯಚೂರಿನ ಪಟ್ಟಿಯಲ್ಲಿ ಬಂತು, ನನ್ನದು ಕಾರವಾರದ ಪಟ್ಟಿಯಲ್ಲಿ. ಅಷ್ಟೇ ವ್ಯತ್ಯಾಸ. ಬಂದಾಗ ಮಳೆ. ನನ್ನ ಸೀರೆ ಆಗಸ್ಟಿನಲ್ಲಿ ನೆನೆದದ್ದು ಅಕ್ಟೋಬರಿನಲ್ಲಿ ಒಣಗಿತು. ಸಂಜೆಯಾದರೆ ಎಲ್ಲಿ ಹಾವು, ಎಲ್ಲಿ ಜಿಗಣೆ ಎಂದು ಬಾಗಿಲು ಹಾಕಿ ಅಗುಳಿ ಜಡಿದು ಕೂರುತ್ತೇನೆ.

ಅದನ್ನೆಲ್ಲ ಸಹಿಸಬಹುದು. ಮಾತಿಲ್ಲದ್ದನ್ನು ಸಹಿಸಲಾಗುವುದಿಲ್ಲ. ಮಕ್ಕಳು ಬರುತ್ತಾರೆ, ಕಲಿಯುತ್ತಾರೆ, ಗಂಟೆ ಬಾರಿಸಿದರೆ ಕಾಡಿನೊಳಗೆ ಮಾಯ. ತಾಯಂದಿರು ಎದುರಾದರೆ ತಲೆ ತಗ್ಗಿಸಿ ದಾರಿ ಬಿಡುತ್ತಾರೆ. ಒಬ್ಬರೂ ಶಾಲೆಯ ಕಟ್ಟೆ ಹತ್ತಿಲ್ಲ. ಚಿಕ್ಕಂದಿನಲ್ಲಿ ಅವ್ವನ ಜೊತೆ ಪುಣೆಯ ಕಟ್ಟಡ ಕೆಲಸದ ಜಾಗಗಳಲ್ಲಿ ಬೆಳೆದವಳು ನಾನು, ಇಲ್ಲಿಯವರ ಮರಾಠಿ ಬರುತ್ತದೆ. ಭಾಷೆಯ ತೊಂದರೆ ಅಲ್ಲ. ನಮ್ಮೂರು ಅರಕೇರಾದಲ್ಲಿ ಯಾವ ಓಣಿಯವಳು ಎಂದು ಇಲ್ಲಿಗೂ ಯಾರೋ ಸುದ್ದಿ ಮುಟ್ಟಿಸಿದರೇನೋ ಎಂಬ ಹಳೆಯ ಅಳುಕು. ಆಗಾಗ ಬೆಳಿಗ್ಗೆ ಬಾಗಿಲ ಮುಂದೆ ಒಂದು ಸೌತೆಕಾಯಿಯೋ ಬಾಳೆಗೊನೆಯ ಚಿಪ್ಪೋ ಇರುತ್ತದೆ. ಹಿಂದಿನ ಮಾಸ್ತರರ ಕಾಲದ ವಾಡಿಕೆ ಇರಬೇಕು. ಇಟ್ಟವರ ಮುಖ ಮಾತ್ರ ಕಂಡಿಲ್ಲ.

ಚೆಂದವಾದದ್ದು ಒಂದೇ. ಶಾಲೆಯ ಹಿಂದೆ ಮ್ಹಾತಾರಿ ಗುಡ್ಡ ಅಂತ ಇದೆ. ಮ್ಹಾತಾರಿ ಎಂದರೆ ಮುದುಕಿ. ಬೆಳಿಗ್ಗೆ ಮೋಡ ಅದರ ತಲೆಯ ಮೇಲೆ ಸೆರಗು ಹೊದಿಸಿರುತ್ತದೆ.

ಬೇಸಿಗೆ ರಜೆಗೆ ಬಾಗಿಲು ಹಾಕಿದ ಮೇಲೆ ನಾನು ತಿರುಗಿ ಬರುವುದಿಲ್ಲ ಜಾಹೆದಾ. ಅರಕೇರಾದ ಮನೆಗೆ ಬೀಗ. ಅವ್ವ ಪುಣೆಯಲ್ಲೇ ಇದ್ದಾಳೆ, ಅಲ್ಲಿಗೇ ಹೋಗುತ್ತೇನೆ. ಇಟ್ಟಿಗೆ ಹೊತ್ತರೂ ಪಕ್ಕದಲ್ಲಿ ಮಾತಾಡುವವರು ಒಬ್ಬರು ಇರುತ್ತಾರಲ್ಲ.

ಮಾನಮ್ಮ


ದೇವದುರ್ಗ
೨೭ ಜನವರಿ ೧೯೮೦

ಮಾನಿ,

ಇಟ್ಟಿಗೆ ಹೊರುತ್ತಾಳಂತೆ! ಹಾಸ್ಟೆಲಿನಲ್ಲಿ ಎರಡು ಕೊಡ ನೀರು ಮೇಲೆ ತರುವಷ್ಟರಲ್ಲಿ ಮೂರು ಸಲ ಕೂರುತ್ತಿದ್ದವಳು ನೀನು. ಅಮರಮ್ಮ ಅವ್ವ ಇಷ್ಟು ವರ್ಷ ಇಟ್ಟಿಗೆ ಹೊತ್ತದ್ದು ನಿನ್ನ ಕೈಗೆ ಸೀಮೆಸುಣ್ಣ ಬರಲಿ ಎಂದು. ನೀನು ಅವಳೆದುರು ಹೋಗಿ ನಿಂತರೆ ಮೊದಲು ಒಂದು ಇಟ್ಟಿಗೆ ನಿನ್ನ ತಲೆಯ ಮೇಲೆ ಬೀಳುತ್ತದೆ, ಹೊರುವುದಕ್ಕಲ್ಲ.

ಸಿಟ್ಟು ಬಂತು, ಬರೆದೆ. ಈಗ ಸಮಾಧಾನದಿಂದ ಕೇಳು.

ನಿನ್ನ ಕಾಗದದಲ್ಲಿ ನನ್ನ ಕಣ್ಣು ನಿಂತದ್ದು ಆ ಮುದುಕಿಯ ಗುಡ್ಡದ ಮೇಲೆ. ನಾನು ಹುಟ್ಟಿದ ಮೇಲೆ ರಾಯಚೂರಿನ ಕೋಟೆ ಗುಡ್ಡಕ್ಕಿಂತ ಎತ್ತರದ ಜಾಗ ನೋಡಿಲ್ಲ. ಮಾನ್ವಿಯಲ್ಲಿ ಎತ್ತರದ್ದು ಎಂದರೆ ಭತ್ತದ ಮೂಟೆಗಳ ಅಟ್ಟಿ. ಮೇ ತಿಂಗಳಲ್ಲಿ ನಾನು ಬರುತ್ತೇನೆ. ಬಸ್ಸಿನಲ್ಲಿ ಅಲ್ಲ, ನಮ್ಮ ಅಂಗಡಿಯ ಮೆಟಾಡೋರಿನಲ್ಲಿ. ದಾರಿಯುದ್ದಕ್ಕೂ ಬಯಲಲ್ಲಿ ಡೇರೆ ಹಾಕುತ್ತ, ಒಲೆ ಹೂಡುತ್ತ, ಪಡುವಣ ಘಟ್ಟದವರೆಗೆ. ಡೇರೆಗೇನು ಬರ? ಸತ್ತಾರ್ ಸಾಬರ ಮಗಳು ನಾನು. ಮಾನ್ವಿ ತಾಲೂಕಿನ ಅರ್ಧ ಲಗ್ನಗಳು ನಮ್ಮ ಶಾಮಿಯಾನದ ಕೆಳಗೆ ಆಗಿವೆ.

ಶಾಲೆಯ ನಕ್ಷೆ ಬಿಚ್ಚಿ ದಾರ ಹಿಡಿದು ಅಳೆದೆ. ಸಿಂಧನೂರು, ಗಂಗಾವತಿ, ಕೊಪ್ಪಳ ದಾಟಿ ಮೊದಲ ರಾತ್ರಿ ಗದಗಿನ ಆಚೆ. ಹುಬ್ಬಳ್ಳಿ, ಧಾರವಾಡದ ಮೇಲೆ ಹಾದು ಎರಡನೆಯ ರಾತ್ರಿ ಹಳಿಯಾಳದ ಕೆರೆಯ ದಂಡೆ. ಮರುದಿನ ನಿನ್ನ ಶಾಲೆಯ ಅಂಗಳ. ಅದರ ಮರುದಿನ ನೀನು ಮುಂದೆ, ನಾನು ಹಿಂದೆ, ಗುಡ್ಡದ ತುದಿಗೆ. ನಿನಗೆ ದಾರಿ ಗೊತ್ತಿದೆ ತಾನೆ?

ತುದಿಯಲ್ಲಿ ಕೂತು ಬುತ್ತಿ ಬಿಚ್ಚಿ, ಆಗ ಹೇಳು ಬಿಡುತ್ತೀಯೋ ಇರುತ್ತೀಯೋ ಎಂದು. ಅಲ್ಲಿಯವರೆಗೆ ಊರು ಬಿಡುವ ಮಾತು ಎತ್ತಿದರೆ ನಿನಗೂ ನನಗೂ ಮಾತಿಲ್ಲ.

ಜಾಹೆದಾ


ಕರಂಜವಾಡಿ
೧೮ ಫೆಬ್ರವರಿ ೧೯೮೦

ಜಾಹೆದಾ,

ನಿನ್ನ ಕಾಗದ ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಕಿಟಕಿಯಲ್ಲಿ ಎರಡು ಮಕ್ಕಳ ತಲೆ ಕಂಡವು, ಟೀಚರಿಗೆ ಏನಾಯಿತು ಎಂದು ಓಡಿ ಹೋದವು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನಿನ್ನ ಹಳೆಯ ಚಾಳಿ. ಪರೀಕ್ಷೆಯ ಹಿಂದಿನ ದಿನವೇ ಪೇಢೆ ಹಂಚಿದವಳಲ್ಲವೆ. ಆದರೂ ಎರಡು ದಿನ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಗುಡ್ಡದ ದಾರಿಯ ಚಿಂತೆ ಬಿಡು. ಭಾನುವಾರ ಬಂದರೆ ಹತ್ತಿಬರುತ್ತೇನೆ, ಕಣ್ಣು ಕಟ್ಟಿ ಬಿಟ್ಟರೂ ತುದಿ ಮುಟ್ಟುತ್ತೇನೆ. ತುದಿಯಲ್ಲಿ ಒಂದು ಬಂಡೆ, ಬಂಡೆಯ ಮೇಲೆ ನಿಂತರೆ ಪಶ್ಚಿಮಕ್ಕೆ ಅಲೆ ಅಲೆಯಾಗಿ ಗುಡ್ಡಗಳು. ನೋಡಿದರೆ ನಿನ್ನ ಬಾಯಿ ಒಂದು ಗಳಿಗೆಯಾದರೂ ಮುಚ್ಚುತ್ತದೆ.

ನಿಮ್ಮ ಅಬ್ಬಾ ಒಪ್ಪುತ್ತಾರೆಯೇ ಎಂಬುದೇ ನನ್ನ ಅನುಮಾನ. ವಯಸ್ಸಿಗೆ ಬಂದ ಮಗಳನ್ನು ಕಾಡಿಗೆ ಕಳಿಸುವವರು ಯಾರಿದ್ದಾರೆ? ಅದೂ ಲಗ್ನದ ಹಂಗಾಮಿನಲ್ಲಿ, ಗಾಡಿ ಸಮೇತ? ಅವರ ಬಾಯಿಂದ ಹೂಂ ಬರುವವರೆಗೆ ನಾನು ಆಸೆ ಕಟ್ಟಿಕೊಳ್ಳುವುದಿಲ್ಲ.

ಬರುವುದಾದರೆ ಒಂದು ಮಾತು. ವಾಪಸು ಹೋಗುವಾಗ ಮೆಟಾಡೋರಿನಲ್ಲಿ ನನ್ನ ತಗಡಿನ ಪೆಟ್ಟಿಗೆಗೆ ಜಾಗ ಇಟ್ಟಿರು. ಗುಡ್ಡ ನಿನಗಾಗಿ ಹತ್ತುತ್ತೇನೆ, ಇಳಿದ ಮೇಲೆ ನಿಮ್ಮ ಜೊತೆಯೇ ಹೊರಡುತ್ತೇನೆ. ಹುಬ್ಬಳ್ಳಿಯಲ್ಲಿ ಇಳಿಸಿದರೆ ಪುಣೆಯ ಗಾಡಿ ಸಿಗುತ್ತದೆ.

ಮಾನಿ


ದೇವದುರ್ಗ
೯ ಮಾರ್ಚ್ ೧೯೮೦

ಮಾನಿ,

ಅಬ್ಬಾ ಒಪ್ಪಿದರು!

ಹೇಗೆ ಒಪ್ಪಿದರು ಎಂದು ಕೇಳಬೇಡ. ಊಟಕ್ಕೆ ಕೂತಿದ್ದರು, ಮೆಲ್ಲಗೆ ಹೇಳಿದೆ, ತಾವೂ ಬರುತ್ತೇನೆಂದರು, ಅಮ್ಮಿಯೂ ಬರಲಿ ಎಂದರು. ಗಾಡಿ ಓಡಿಸಲು ನಮ್ಮ ಅಲ್ಲಾಉದ್ದೀನ್ ಇದ್ದೇ ಇದ್ದಾನೆ. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಗಿಹೋಯಿತು. ಇನ್ನು ನೀನು ಆ ಚಿಂತೆ ಬಿಟ್ಟು ಗುಡ್ಡದ ಕಡೆ ನೋಡು.

ನಾನು ಅಭ್ಯಾಸ ಶುರು ಮಾಡಿದ್ದೇನೆ. ಹೋದ ರಜೆಯ ದಿನ ರಾಯಚೂರಿಗೆ ಹೋಗಿ ತೀನ್ ಕಂದೀಲ್ ವೃತ್ತದ ಹತ್ತಿರ ಕ್ಯಾನ್ವಾಸ್ ಬೂಟು ಕೊಂಡೆ. ಅಂಗಡಿಯವ, "ಪೀಟಿ ಟೀಚರೇನ್ರಿ?" ಅಂದ. ಪರ್ವತಾರೋಹಿ ಎಂದು ಹೇಳುವ ಆಸೆಯಾಯಿತು, ನಾಲಿಗೆ ಹೊರಳಲಿಲ್ಲ. ಅಲ್ಲಿಂದ ನೇರ ಕೋಟೆಗೆ ನಡೆದು ಗುಡ್ಡ ಹತ್ತಿದೆ. ಬಿಸಿಲಿಗೆ ಬಂಡೆ ಕಾದು ಬೂಟಿನ ಅಟ್ಟೆ ಮೆತ್ತಗಾಯಿತು. ಮೇಲೆ ನಿಂತು ಪಶ್ಚಿಮಕ್ಕೆ ನೋಡಿದೆ. ಬರೀ ಬಂಡೆ, ಬಿಸಿಲು, ದೂರದಲ್ಲಿ ರೈಲಿನ ಹೊಗೆ. ಆ ಕಡೆ ಎಲ್ಲೋ ನಮ್ಮ ಮಾನಿ ಅಗುಳಿ ಹಾಕಿಕೊಂಡು ಕೂತಿದ್ದಾಳಲ್ಲ ಎಂದುಕೊಂಡೆ. ಹಾಸ್ಟೆಲಿನಲ್ಲಿ ನನಗೆ ಟೈಫಾಯ್ಡ್ ಬಂದಾಗ ಗಂಜಿ ಕಾಯಿಸಿ ಕುಡಿಸಿದವಳು ನೀನು. ನಿನ್ನನ್ನು ಅಷ್ಟು ದೂರದಲ್ಲಿ ಒಬ್ಬಳನ್ನೇ ಬಿಟ್ಟಿರಲು ನನಗೆ ಆಗುತ್ತಿಲ್ಲ, ಇದಕ್ಕಿಂತ ನಾಜೂಕಾಗಿ ಹೇಳಲು ಬರುವುದಿಲ್ಲ.

ಪೆಟ್ಟಿಗೆಗೆ ಜಾಗದ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಜಾಹೆದಾ


ಕರಂಜವಾಡಿ
೨೨ ಮಾರ್ಚ್ ೧೯೮೦

ಮಾನ್ವಿಯ ಶಾಮಿಯಾನ ಅಂಗಡಿಯ ಸತ್ತಾರ್ ಸಾಬರಿಗೆ ಮಾನಮ್ಮ ಮಾಡುವ ನಮಸ್ಕಾರಗಳು.

ತಾವು ದೊಡ್ಡ ಮನಸ್ಸು ಮಾಡಿ ಜಾಹೆದಾಳನ್ನು ಕರೆದುಕೊಂಡು ಇಲ್ಲಿಯವರೆಗೆ ಬರಲು ಒಪ್ಪಿದ್ದೀರೆಂದು ತಿಳಿಯಿತು. ನಾನು ಇಲ್ಲಿಗೆ ಬಂದ ಮೇಲೆ ನನ್ನನ್ನು ನೋಡಲೆಂದು ಯಾರೂ ಬಂದಿಲ್ಲ. ಸಂತೋಷಕ್ಕೆ ನಿದ್ದೆ ಹತ್ತುತ್ತಿಲ್ಲ. ಶುಕ್ರಿಯಾ.

ತಮ್ಮ ಮಗಳ ಸಮಾನಳಾದ
ಮಾನಮ್ಮ


ಮಾನ್ವಿ
೨ ಏಪ್ರಿಲ್ ೧೯೮೦

ಮಹಾತಾಯಿ ಮಾನಮ್ಮನವರೇ,

ಆ ಕಾರ್ಡು ಬರೆಯಲು ನಿನಗೆ ಯಾರು ಹೇಳಿದ್ದರು?

ಇನ್ನು ಮುಚ್ಚಿಟ್ಟು ಫಲವಿಲ್ಲ. ಅಬ್ಬಾ ಒಪ್ಪಿರಲಿಲ್ಲ. ಒಪ್ಪುವುದಿರಲಿ, ನಾನು ಕೇಳಿಯೇ ಇರಲಿಲ್ಲ. ನೀನು ಹೊರಟುಹೋಗುತ್ತೀಯ ಎಂಬ ಹೆದರಿಕೆಗೆ ಬರೆದುಬಿಟ್ಟೆ, ಮೇ ಬರುವಷ್ಟರಲ್ಲಿ ಹೇಗಾದರೂ ಒಪ್ಪಿಸಿದರಾಯಿತು ಎಂದುಕೊಂಡಿದ್ದೆ. ನಾನು ಬಾಯಿ ಬಿಡುವ ಮೊದಲೇ ನಿನ್ನ ಕಾರ್ಡು ಅಂಗಡಿ ತಲುಪಿತು.

ನಡೆದದ್ದು ಕೇಳು. ಸಂತೆಯ ದಿನ, ಅಂಗಡಿ ತುಂಬ ಜನ. ಅಬ್ಬಾಗೆ ಉರ್ದು ಓದಲು ಬರುತ್ತದೆ, ಕನ್ನಡ ಬಾರದು. ಎದುರಿಗೆ ಶರಣಯ್ಯನವರು ಪಂಚಾಂಗ ಹಿಡಿದು ಕೂತಿದ್ದರು. ಯಾವ ಊರಿನಲ್ಲಿ ಯಾವ ದಿನ ಮುಹೂರ್ತ ಎಂದು ಅಬ್ಬಾಗೆ ಹೇಳುವವರು ಅವರೇ. ಕಾರ್ಡು ಅವರ ಕೈಗೆ ಹೋಯಿತು. ಅವರು ಪುರಾಣ ಓದುವ ರಾಗದಲ್ಲಿ ಎಲ್ಲರೆದುರು ಓದಿದರು. ನಾನು ಒಳಗೆ ಹಗ್ಗ ಸುತ್ತುತ್ತಿದ್ದವಳು ಅಲ್ಲೇ ಕೂತುಬಿಟ್ಟೆ.

"ಯಾರ ಶುಕ್ರಿಯಾ? ಎಲ್ಲೀ ಗುಡ್ಡ? ನಾ ಯಾವಾಗ ಹೂಂ ಅಂದೆ?" ಎಂದರು ಅಬ್ಬಾ.

"ನೀವು ಒಪ್ಪೀರಿ ಅಂತ ಬರದಾಳ ನೋಡ್ರಿ ಸಾಬ್ರ. ಖುಷಿಗೆ ನಿದ್ದಿ ಹತ್ತವಲ್ದಂತ," ಎಂದರು ಶರಣಯ್ಯ.

ಅಬ್ಬಾ ನನ್ನನ್ನು ಕರೆದರು. "ಸುಳ್ಳು ಹೇಳೀದೇನು ಬೇಟಿ?"

"ಹೇಳೀನಿ ಅಬ್ಬಾ."

ಬೈಗುಳಕ್ಕೆ ಕಾದೆ. ಅಬ್ಬಾ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಂದು ಆಮ್ಯಾಲ ನೋಡ್ಕೊಂತೀನಿ. ಈ ಹುಡುಗಿ ಶುಕ್ರಿಯಾ ಕಳಿಸಿಬಿಟ್ಟಾಳ. ಶುಕ್ರಿಯಾ ಅಂದ್ರ ಬಯಾನಾ ಕೊಟ್ಟಂಗ. ಬಯಾನಾ ಇಸ್ಕೊಂಡ ಮ್ಯಾಲ ಶಾಮಿಯಾನ ಹೋಗಲಿಲ್ಲ ಅಂದ್ರ ಸತ್ತಾರ್ ಸಾಬನ ಹೆಸರು ಉಳಿತದೇನು?" ಎಂದರು. ಮುಂಗಡ ಹಿಡಿದ ಮೇಲೆ ಮಾತು ತಪ್ಪಿದ್ದು ನಮ್ಮ ಅಂಗಡಿಯ ಚರಿತ್ರೆಯಲ್ಲೇ ಇಲ್ಲ ಮಾನಿ. ನಿನ್ನ ಒಂದು ಮಾತು ಮುಂಗಡವಾಗಿ ಕೂತಿತು!

ಆಮೇಲೆ ಅವರೇ ತಲೆ ಕೆರೆದುಕೊಂಡರು. "ಖರೆ, ಲಗ್ನದ ಹಂಗಾಮಿನ್ಯಾಗ ಗಾಡಿ ಹ್ಯಾಂಗ ಬಿಡ್ಲಿ ಶರಣಯ್ಯನೋರ?"

ಶರಣಯ್ಯ ಪಂಚಾಂಗದ ಹಾಳೆ ತಿರುವಿದರು. "ಈ ವರ್ಷ ಜ್ಯೇಷ್ಠ ಎರಡು ಬರತಾವ್ರೀ. ಮೊದಲನೇದು ಅಧಿಕ ಮಾಸ. ಮೇ ನಡುವಿನಿಂದ ಒಂದು ತಿಂಗಳು ನಮ್ಮ ಮಂದ್ಯಾಗ ಒಂದು ಲಗ್ನಾ ಇಲ್ಲ. ನಿಮ್ಮ ಶಾಮಿಯಾನ ಗೋದಾಮಿನ್ಯಾಗ ಇಲಿ ಕಡೀತಾವ. ಹೋಗಿಬರ್ರಿ."

ನಮ್ಮವರ ನಿಕಾಹ್ ಒಂದೆರಡಿದ್ದರೆ ಅದಕ್ಕೆ ಚಿಕ್ಕಪ್ಪ ಸಾಕು. ಹೀಗೆ ನಿಮ್ಮ ದೇವರು ಒಂದು ತಿಂಗಳು ಹೆಚ್ಚಿಗೆ ಕೊಟ್ಟ, ನಮ್ಮ ಅಬ್ಬಾಗೆ ಜೀವನದಲ್ಲಿ ಮೊದಲ ರಜೆ ಸಿಕ್ಕಿತು.

ಈಗ ಅವರ ಉತ್ಸಾಹ ನೋಡಬೇಕು. ಎರಡು ಡ್ರಮ್ಮು ತುಂಬ ನೀರು ಹೇರಬೇಕಂತೆ. "ಗುಡ್ಡದಾಗ ನೀರು ಎಲ್ಲಿ ಸಿಗ್ತಾವ? ಕ್ವಾಟಿ ಗುಡ್ಡ ನೋಡಿಲ್ಲೇನು, ಬರೀ ಕಲ್ಲು," ಅನ್ನುತ್ತಾರೆ. ಇನ್ನೊಂದು ಡೇರೆ ಬೇಡವೇ ಬೇಡ, ಕೆಂಪು ಶಾಮಿಯಾನ ಸಾಕು ಎಂದಿದ್ದಾರೆ. ಝಾಲರಿನದು, ಗೊತ್ತಲ್ಲ, ಸಾಹುಕಾರರ ಲಗ್ನಕ್ಕೆ ಮಾತ್ರ ಕಳಿಸುವುದು.

ಜಾಹೆದಾ


ಕರಂಜವಾಡಿ
೨೦ ಏಪ್ರಿಲ್ ೧೯೮೦

ಸುಳ್ಳಿ,

ನಿನ್ನ ಮೇಲೆ ಸಿಟ್ಟು ಮಾಡಬೇಕೆಂದು ಎರಡು ಸಲ ಪೆನ್ನು ಹಿಡಿದೆ, ಎರಡು ಸಲವೂ ನಗು ಬಂತು. ಅಷ್ಟು ಜನರೆದುರು ನನ್ನ ಕಾರ್ಡು! ನಿಮ್ಮ ಅಬ್ಬಾಗೆ ಎದುರಾಗುವುದು ಹೇಗೆ ಎಂದು ಈಗಲೇ ನಾಚಿಕೆ.

ಶಾಲೆ ಮುಚ್ಚಿತು. ಮಕ್ಕಳೂ ಇಲ್ಲ. ನೀವು ಬರುವವರೆಗೆಂದು ಇಲ್ಲೇ ಇದ್ದೇನೆ. ಊರಿನ ಹಿರಿಯ ವೇಳಿಪನಿಗೆ ದಾರಿಯಲ್ಲಿ ಸಿಕ್ಕಾಗ ಹೇಳಿದೆ, ಮೇ ತಿಂಗಳಲ್ಲಿ ನಮ್ಮ ಊರ ಕಡೆಯವರು ಬರುತ್ತಾರೆ, ಅಂಗಳದಲ್ಲಿ ಇಳಿದುಕೊಳ್ಳುತ್ತಾರೆ ಎಂದು. ಬಹಳ ಹೊತ್ತು ನನ್ನ ಮುಖ ನೋಡಿದ. "ತುಮಚೀ ಮಾಣಸಂ?" ನಿಮ್ಮ ಮಂದಿಯೇ, ಎಂದು ಕೇಳಿದ. ಹೌದೆಂದೆ. ತಲೆಯಾಡಿಸಿ ಹೋದ. ಅವನಿಗೆ ಇಷ್ಟವಾಗಲಿಲ್ಲವೋ ಏನೋ. ಆಮೇಲೆ ಹೆಂಗಸರು ಗುಂಪುಗೂಡಿ ಪಿಸುಗುಡುವುದು, ನನ್ನನ್ನು ಕಂಡರೆ ನಿಲ್ಲಿಸುವುದು ಜಾಸ್ತಿಯಾಗಿದೆ. ಬಿಡು, ಹೇಗೂ ಹೋಗುವವಳು ನಾನು.

ನೀರಿನ ವಿಷಯ. ಶಾಲೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಹಳ್ಳವಿದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಇಲ್ಲಿಗೆ ನೀರು ಹೊತ್ತು ತರುವುದೆಂದರೆ ಮಾನ್ವಿಗೆ ಅಕ್ಕಿ ಹೊತ್ತು ತಂದಂತೆ. ಆದರೂ ತರಲಿ. ಬೇಡ ಎನ್ನಬೇಡ. ನಮ್ಮ ಕಾಲುವೆ ನೀರಿನ ಆ ಮಣ್ಣು ಮಣ್ಣು ರುಚಿ ನಾಲಿಗೆಗೆ ಬೇಕಾಗಿದೆ.

ಶಾಮಿಯಾನದ ವಿಷಯ. ಇಲ್ಲಿ ಮೇ ಕೊನೆಗೆ ಒಮ್ಮೊಮ್ಮೆ ಸಂಜೆ ಮೋಡ ಇಳಿದುಬಿಡುತ್ತದಂತೆ. ಮೇಲೆ ಹೊದಿಸಲು ತಾಡಪತ್ರಿ ಇದ್ದರೆ ಒಳ್ಳೆಯದು. ಅಬ್ಬಾಗೆ ನಾನು ಹೇಳಿದೆನೆಂದು ಹೇಳಬೇಡ, ಬಂದವರಿಗೆ ಕರಾರು ಹಾಕಿದಂತಾಗುತ್ತದೆ.

ಪೆಟ್ಟಿಗೆ ಕಟ್ಟಿಟ್ಟಿದ್ದೇನೆ.

ಮಾನಿ


ಮಾನ್ವಿ
೬ ಮೇ ೧೯೮೦

ಮಾನಿ,

ಇದು ಹೊರಡುವ ಮುಂಚಿನ ಕೊನೆಯ ಕಾಗದ. ಅಧಿಕ ಮಾಸ ಹಿಡಿದ ಮೂರನೆಯ ದಿನ ಬೆಳಗಿನ ನಮಾಜು ಮುಗಿಸಿ ಗಾಡಿ ಹೊರಡುತ್ತದೆ. ದಿನ ನೋಡಿಕೊಟ್ಟವರು ಶರಣಯ್ಯನವರೇ. ಅಧಿಕ ಮಾಸದಲ್ಲಿ ಒಳ್ಳೆಯ ದಿನ ಎಲ್ಲಿಂದ ಬಂತು ಎಂದು ಕೇಳಿದರೆ, "ಅದು ಲಗ್ನಕ್ಕ ಇಲ್ಲವ್ವಾ, ತಿರಗಾಡಾಕ ಏನಡ್ಡಿ?" ಎಂದರು.

ತಾಡಪತ್ರಿಯ ಮಾತು ನಾನೇ ಯೋಚಿಸಿದಂತೆ ಹೇಳಿದೆ. ಅಬ್ಬಾ ಇಡೀ ಓಣಿಗೆ ಕೇಳುವಂತೆ ನಕ್ಕರು. "ಮೇ ತಿಂಗಳದಾಗ ಮಳಿ! ಶಾಮಿಯಾನ ಇರೋದು ನೆರಳಿಗೆ. ಮ್ಯಾಲಿಂದ ನೀರು ಬೀಳೋ ಲಗ್ನಾ ನಾ ಇವತ್ತಿನತನಕ ನೋಡಿಲ್ಲ." ಇಲ್ಲಿ ಈಗ ಮಧ್ಯಾಹ್ನ ಕಾಗೆ ಕೂಡ ಹಾರುವುದಿಲ್ಲ, ನಾನೂ ಅವರನ್ನೇ ನಂಬಿದೆ. ತಾಡಪತ್ರಿ ಗೋದಾಮಿನಲ್ಲೇ ಉಳಿಯಿತು.

ಉಳಿದದ್ದೆಲ್ಲ ಗಾಡಿ ಹತ್ತಲಿದೆ. ಶಾಮಿಯಾನ, ಅಡ್ಡಪರದೆಗಳು, ಬಿದಿರಿನ ಕಂಬ, ಡ್ರಮ್ಮು. ಅಮ್ಮಿ ಜೋಳದ ಹಿಟ್ಟು, ಗುರೆಳ್ಳು ಪುಡಿ, ನಿನಗೆಂದು ಕೆಂಪು ಖಾರ ಕಟ್ಟಿದ್ದಾಳೆ. ಲಗ್ನದ ಅಡಿಗೆಯ ದೊಡ್ಡ ಹಂಡೆ ಯಾಕೆ ಎಂದರೆ, "ಸಣ್ಣದ್ರಾಗ ಅಡಿಗಿ ಮಾಡಾಕ ನಂಗ ಕೈ ಬರಲ್ಲ," ಅನ್ನುತ್ತಾಳೆ. ಈ ಕುಬ್ರಾ ಬೇಗಂ ಮನೆ ಬಿಟ್ಟು ಹೊರಟರೆ ಮನೆಯೂ ಅವಳ ಹಿಂದೆ ಹೊರಡುತ್ತದೆ. ಸುಸ್ವಾಗತ ಎಂದು ಹೊಲಿದ ಪರದೆಯನ್ನೂ ಅಬ್ಬಾ ಬಿಡಲಿಲ್ಲ. ಅದಿಲ್ಲದೆ ಶಾಮಿಯಾನ ಮೂಗಿಲ್ಲದ ಮುಖವಂತೆ.

ಗಾಡಿಯಲ್ಲ, ದಿಬ್ಬಣ. ಪೆಟ್ಟಿಗೆಯ ಜಾಗ ಇಟ್ಟಿದ್ದೇನೆ, ಇಟ್ಟಿಲ್ಲ ಎಂದು ಸುಳ್ಳು ಹೇಳಲು ಧೈರ್ಯವಿಲ್ಲ. ಆದರೆ ಮಾನಿ, ಅದು ಖಾಲಿ ಬರಲಿ ಎಂದು ನಾನು ದುವಾ ಮಾಡುತ್ತಿದ್ದೇನೆ.

ಜಾಹೆದಾ


ಮಾನ್ವಿ
೨೯ ಮೇ ೧೯೮೦

ಮಾನಿ,

ಸುಖವಾಗಿ ಬಂದು ಮುಟ್ಟಿದೆವು. ಶಾಮಿಯಾನ ಅಂಗಳದಲ್ಲಿ ಒಣಗುತ್ತಿದೆ. ಕೆಂಪು ಇದ್ದದ್ದು ಈಗ ಈರುಳ್ಳಿ ಸಿಪ್ಪೆಯ ಬಣ್ಣ. ಅಬ್ಬಾನ ಬಿಳಿ ಜುಬ್ಬದ ಮೇಲೆ ಬಿದ್ದ ಬಣ್ಣ ಎಷ್ಟು ಒಗೆದರೂ ಹೋಗಿಲ್ಲ. ಕೇಳಿದವರಿಗೆಲ್ಲ, "ಮೇ ತಿಂಗಳದಾಗೂ ಮಳಿ ಬರ್ತದ್ರೀ," ಎಂದು ತಾವೇ ಕಂಡುಹಿಡಿದಂತೆ ಹೇಳುತ್ತಿದ್ದಾರೆ.

ಮೊದಲು ಲೆಕ್ಕ ತೀರಿಸುತ್ತೇನೆ. ಕಣ್ಣು ಕಟ್ಟಿ ಬಿಟ್ಟರೂ ತುದಿ ಮುಟ್ಟುವವಳು ಮೊದಲ ತಿರುವಿನಲ್ಲೇ ಎಡಕ್ಕೋ ಬಲಕ್ಕೋ ಎಂದು ನನ್ನನ್ನೇ ಕೇಳಿದೆಯಲ್ಲ! ಸುಳ್ಳಿ ಎಂದು ಬರೆದ ಕೈ ಯಾವುದಮ್ಮ? ಆದರೆ ಆ ಬಂಡೆ ನಿಜವಾಗಿಯೂ ಇತ್ತು, ನೀನು ಅಂದಾಜಿನಲ್ಲಿ ಬರೆದಿದ್ದ ಅಲೆ ಅಲೆ ಗುಡ್ಡಗಳೂ ಇದ್ದವು. ನಾನು ಬಾಯಿ ಮುಚ್ಚಿದೆ, ನೀನು ಅತ್ತೆ. ನಿರ್ಧಾರ ಕೇಳುವುದನ್ನು ಇಬ್ಬರೂ ಮರೆತೆವು.

ಇಳಿದು ಬಂದಾಗ ಕಂಡದ್ದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಸುರಿಯುವ ಮಳೆ, ಸೋರುವ ಶಾಮಿಯಾನ, ಕೆಳಗೆ ಇಡೀ ಕರಂಜವಾಡಿ, ಎಲ್ಲರ ಭುಜದ ಮೇಲೂ ಓಕುಳಿ. ಹಲಸಿನ ಹಣ್ಣು, ಅಕ್ಕಿ, ಹುಂಜ, ಹೂವು. ಹೂವು ತಂದಿದ್ದ ಆ ಅಜ್ಜಿ ನಿನ್ನ ಕೈ ಹಿಡಿದು ವರ ಎಲ್ಲಿ ಎಂದಾಗ ನಿನ್ನ ಮುಖ! ಕೆಂಪು ಶಾಮಿಯಾನ ಎದ್ದದ್ದು ಕಂಡು ಟೀಚರ ಮದುವೆ ಎಂದೇ ಊರು ಹೊರಟು ಬಂದಿತ್ತು. ಮದುವೆ ಇಲ್ಲವೆಂದು ತಿಳಿದ ಮೇಲೂ ಒಬ್ಬರೂ ಏಳಲಿಲ್ಲ. ಅಮ್ಮಿಯ ಹಂಡೆ ಬರಿದಾಯಿತು.

ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಬರೆಯುತ್ತೇನೆ. ಜನ ಬಂದದ್ದು ಮಳೆಗೆ ಮುಂಚೆ, ನಾವು ಹತ್ತುತ್ತಿದ್ದಾಗಲೇ. ಅಬ್ಬಾಗೆ ಆಗಲೇ ತಿಳಿದಿತ್ತು. ಹಾಗಾದರೆ ಮದುವೆಯಲ್ಲವೆಂದು ಯಾಕೆ ಹೇಳಲಿಲ್ಲ ಎಂದು ವಾಪಸು ಬರುವಾಗ ಗಾಡಿಯಲ್ಲಿ ಕೇಳಿದೆ.

"ಶಾಮಿಯಾನದಾಗ ಬಂದು ಕುಂತವರಿಗೆ ಏಳ್ರಿ ಅನ್ನೋ ಧಂಧೆ ನಂದಲ್ಲ," ಎಂದರು. ಆಮೇಲೆ ತಾವಾಗಿಯೇ ಹೇಳತೊಡಗಿದರು. ಅವರ ದಖ್ಖನಿ, ವೇಳಿಪನ ಮರಾಠಿ, ಹೇಗೋ ಮಾತು ನಡೆಯಿತಂತೆ. "ನಾ ಅವನ್ನ ಕೇಳಿದೆ, ಇಷ್ಟು ಮಂದಿ ಬಂದೀರಿ, ಇಷ್ಟು ದಿನ ಆಕೀನ್ನ ಯಾಕ ಮಾತಾಡಿಸಲಿಲ್ಲ ಅಂತ. ಅಂವ ಏನಂದ ಗೊತ್ತೇನು? ಟೀಚರ್ ಬಾಯಿ ಭಾಳ ಓದಿದಾಕಿ, ಸಂಜಿಗೆ ಬಾಗಲಾ ಹಾಕ್ಕೊಂಡು ಬರಕೊಂತ ಕುಂಡ್ರತಾಳ, ನಮ್ಮ ಮಾತು ಆಕೀಗೆ ಎಲ್ಲಿ ಹಿಡಸ್ತಾವ, ಅದಕ್ಕ ಕಾಯಿಪಲ್ಲೆ ಬಾಗಲಾಗ ಇಟ್ಟು ಸುಮ್ಮ ಬರ್ತೀವಿ ಅಂದ. ಆಕಿ ಇವರಿಗೆ ಅಂಜತಾಳ, ಇವರು ಆಕೀಗೆ ಅಂಜತಾರ. ನಡುವ ಒಂದು ಬಾಗಲಾ!"

ಆ ಸೌತೆಕಾಯಿ ನಿನ್ನದೇ ಮಾನಿ. ಮೊದಲಿಂದಲೂ ನಿನ್ನದೇ.

ಇನ್ನೊಂದು ಇದೆ. ಇದನ್ನು ಹೇಳುವಾಗ ಅಬ್ಬಾ ಕಿಟಕಿಯ ಹೊರಗೆ ನೋಡುತ್ತಿದ್ದರು. "ಹುಡುಗಿ ಅಪ್ಪ ನೀವೇನ್ರಿ ಅಂತ ಕೇಳಿದ್ರು. ಹೌದು ಅಂದೆ. ಮತ್ತೇನನ್ಲಿ? ಅಷ್ಟು ದೂರ ಶಾಮಿಯಾನ ಹೊತ್ಗೊಂಡು ಹೋದಾಂವ ಅಪ್ಪ ಅಲ್ಲದ ಮತ್ಯಾರು?" ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಾಉದ್ದೀನ್ ಸುಮ್ಮನೆ ಹಾರ್ನ್ ಬಾರಿಸಿದ, ರಸ್ತೆಯಲ್ಲಿ ಒಂದು ಎಮ್ಮೆ ಕೂಡ ಇರಲಿಲ್ಲ.

ಹೊರಡುವ ದಿನ ನೀನು ಪೆಟ್ಟಿಗೆ ಹತ್ತಿಸಲಿಲ್ಲ. ಸ್ವಲ್ಪ ದಿನ ನೋಡುತ್ತೇನೆ, ಬಸ್ಸಿಗೂ ಬರಬಹುದಲ್ಲ ಎಂದೆ. ಅದರ ಜಾಗದಲ್ಲಿ ಬಂದ ಹಲಸಿನ ಹಣ್ಣುಗಳನ್ನು ಓಣಿಗೆಲ್ಲ ಹಂಚಿದೆವು, ಹೇಗೆ ಬಿಡಿಸುವುದೆಂದು ಅರ್ಧ ಓಣಿಗೆ ಗೊತ್ತಾಗಲಿಲ್ಲ. ನನಗೆ ಮಾತ್ರ ತಿನ್ನಲು ಮನಸ್ಸಾಗುತ್ತಿಲ್ಲ. ನೀನು ಏನು ಮಾಡಿದೆ? ಈ ಕಾಗದ ಮುಟ್ಟುವಾಗ ಅಲ್ಲಿದ್ದೀಯೋ, ಪುಣೆಯ ಗಾಡಿಯಲ್ಲಿದ್ದೀಯೋ?

ಒಂದು ವಿಚಾರ. ಸಾಮಾನು ಎಣಿಸುವಾಗ ಸುಸ್ವಾಗತದ ಪರದೆ ಸಿಗಲಿಲ್ಲ. ಅಬ್ಬಾ ಮರೆತು ಬಂದೆ ಅನ್ನುತ್ತಾರೆ. ಅಲ್ಲಿದ್ದರೆ ಟಪಾಲಿನಲ್ಲಿ ಕಳಿಸು, ಲಗ್ನಗಳು ಶುರುವಾಗುತ್ತವೆ.

ಜಾಹೆದಾ


ಕರಂಜವಾಡಿ
೧೬ ಜೂನ್ ೧೯೮೦

ಜಾಹೆದಾ,

ನಿನ್ನ ಕಾಗದ ನೆನೆದು ಮುದ್ದೆಯಾಗಿ ಬಂತು, ಒಲೆಯ ಹತ್ತಿರ ಹಿಡಿದು ಒಣಗಿಸಿ ಓದಿದೆ. ಓದಿ ಮುಗಿಸಿದ ಮೇಲೆ ಮತ್ತೆ ಒಣಗಿಸಬೇಕಾಯಿತು, ಮಳೆಗಲ್ಲ.

ಮಳೆ ಹಿಡಿದಿದೆ. ಶಾಲೆ ಶುರುವಾಗಿದೆ. ಪೆಟ್ಟಿಗೆ ಬಿಚ್ಚಿದ್ದೇನೆ. ಇದಕ್ಕಿಂತ ಬೇರೆ ಉತ್ತರ ಬೇಕೆ? ಅವ್ವನಿಗೂ ಬರೆದಿದ್ದೇನೆ, ದೀಪಾವಳಿಗೆ ಅವಳೇ ಇಲ್ಲಿಗೆ ಬರಲಿ, ಇಟ್ಟಿಗೆ ಕೆಳಗಿಟ್ಟು.

ನೀವು ಹೋದ ಮರುದಿನ ಸಂಜೆ ಎಂದಿನಂತೆ ಬಾಗಿಲು ಹಾಕಲು ಹೋದೆ, ಕೈ ಬರಲಿಲ್ಲ. ತೆರೆದಿಟ್ಟು ಹೊಸ್ತಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆ ಅಜ್ಜಿ ಬಂದಳು. ಹಾವಿನ ಹೆದರಿಕೆ ಎಂದಾಗ ಹೊಟ್ಟೆ ಹಿಡಿದು ನಕ್ಕಳು, ಮರುದಿನ ಯಾವುದೋ ಬೇರು ತಂದು ಬಾಗಿಲಿಗೆ ಕಟ್ಟಿದಳು. ಈಗ ಸಂಜೆ ಕಟ್ಟೆಯ ಮೇಲೆ ಜಾಗ ಸಾಲುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, ಮಂಟಪ ಬಂತು, ಊಟವಾಯಿತು, ವರ ಯಾವಾಗ ಬರುತ್ತಾನೆ? ಅಧಿಕ ಮಾಸ ಮುಗಿಯಲಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈಗ ಅದೂ ಮುಗಿಯಿತು, ಬೇರೆ ನೆವ ಹುಡುಕಬೇಕು.

ನಿಮ್ಮ ನೀರನ್ನು ನಾನೊಬ್ಬಳೇ ಕುಡಿಯಲಿಲ್ಲ. ಟೀಚರ ಊರಿನ ನೀರು ಎಂದು ಒಬ್ಬೊಬ್ಬರೂ ಬಂದು ಬೊಗಸೆ ಹಿಡಿದು ಕುಡಿದರು. ಚೆನ್ನಾಗಿಲ್ಲ ಎಂದು ಒಬ್ಬರೂ ಹೇಳಲಿಲ್ಲ, ಮುಖದಲ್ಲಿ ಕಂಡಿತು. ನನಗೆ ಮಾತ್ರ ಅಮೃತ.

ಪರದೆ ಇಲ್ಲೇ ಇದೆ. ಶಾಲೆಯ ಬಾಗಿಲ ಮೇಲೆ, ಈ ಕಂಬದಿಂದ ಆ ಕಂಬಕ್ಕೆ. ಅದರ ಕೆಳಗೆ ಹಾದು ಬರಲು ಮೊದಲ ದಿನ ತಾಯಂದಿರೂ ಮಕ್ಕಳ ಕೈ ಹಿಡಿದು ಬಂದರು. ಬಿಚ್ಚಿ ಕಳಿಸೋಣವೆಂದು ಏಣಿ ಇಟ್ಟು ಹತ್ತಿದೆ. ನಾಲ್ಕೂ ಮೂಲೆಗೆ ಎರಡೆರಡು ಸುತ್ತು ಹಗ್ಗ, ಒಳಗಿಂದ ಗಂಟು. ಉಗುರು ಮುರಿಯಿತೇ ಹೊರತು ಒಂದೂ ಸಡಿಲಾಗಲಿಲ್ಲ. ಮರೆತು ಹೋಗುವವರು ಇಷ್ಟು ಗಟ್ಟಿಯಾಗಿ ಕಟ್ಟುವುದಿಲ್ಲ ಜಾಹೆದಾ.

ಅಬ್ಬಾಗೆ ನನ್ನ ಹೆಸರಿನಲ್ಲಿ ಹೇಳು, ಪರದೆ ಬೇಕಾದರೆ ಅವರೇ ಬಂದು ಬಿಚ್ಚಬೇಕು. ನಾನು ಇಲ್ಲಿಯೇ ಇರುತ್ತೇನೆ. ಮುಂದಿನ ಅಧಿಕ ಮಾಸ ಯಾವಾಗ ಎಂದು ಶರಣಯ್ಯನವರನ್ನು ಕೇಳಿ ತಿಳಿಸಲಿ. ಬರುವಾಗ ತಾಡಪತ್ರಿ ಮರೆಯದಿರಲಿ. ಬಯಾನಾ ಈಗಲೇ ಕೊಡುತ್ತಿದ್ದೇನೆ: ಶುಕ್ರಿಯಾ, ಅಬ್ಬಾ.

ಮಾನಿ